ಗರ್ಭಿಣಿ ಎಂದು ತಿಳಿಯುವ ಮೊದಲು ಮದ್ಯ ಸೇವಿಸಿದ್ದೆ: ಮಗುವಿಗೆ ಏನಾಗಬಹುದು?

ಪ್ರಶ್ನೆ: ನನಗೆ 29 ವರ್ಷ, ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರಲ್ಲಿ ಕೆಲಸ ಮಾಡುತ್ತೇನೆ. ಮುಟ್ಟು ಯಾವಾಗಲೂ ಹಿಂದುಮುಂದಾಗುತ್ತಿದ್ದುದರಿಂದ ತಪ್ಪಿದ್ದು ಗಮನಕ್ಕೆ ಬರಲಿಲ್ಲ. ಕಳೆದ ವಾರ ಪರೀಕ್ಷೆ ಮಾಡಿಸಿದಾಗ ಏಳು ವಾರದ ಗರ್ಭ ಎಂದು ತಿಳಿಯಿತು. ಲೆಕ್ಕ ಹಾಕಿ ನೋಡಿದರೆ ಐದನೆಯ ವಾರದಲ್ಲಿ ಗೆಳತಿಯ ಮದುವೆಯ ಪಾರ್ಟಿಯಲ್ಲಿ ಎರಡು ಲಾರ್ಜ್ ಜಿನ್ ಕುಡಿದಿದ್ದೆ. ಅದರ ಹಿಂದಿನ ಶನಿವಾರ ಒಂದು ಬಾಟಲಿ ಬಿಯರ್. ತಿಳಿದ ಮೇಲೆ ಮುಟ್ಟಿಲ್ಲ. ಮಗುವಿಗೆ ಹಾನಿಯಾಗಿದೆಯೇ? ಸ್ಕ್ಯಾನಿಂಗ್‌ನಲ್ಲಿ ಗೊತ್ತಾಗುತ್ತದೆಯೇ? ಗರ್ಭ ತೆಗೆಸಬೇಕೇ? ‘ನಮ್ಮ ಕಾಲದಲ್ಲಿ ಮನೆಯಲ್ಲೇ ಮಾಡಿದ ವೈನನ್ನು ಬಸುರಿಯರೂ ಕುಡಿಯುತ್ತಿದ್ದರು, ಯಾರಿಗೂ ಏನೂ ಆಗಲಿಲ್ಲ’ ಎಂದು ಅತ್ತೆ ಹೇಳುತ್ತಾರೆ. ಲಂಡನ್ನಿನಲ್ಲಿರುವ ಗೆಳತಿ, ಮೂರು ತಿಂಗಳು ಕಳೆದ ಮೇಲೆ ವಾರಕ್ಕೊಂದು ಗ್ಲಾಸ್ ವೈನ್ ಪರವಾಗಿಲ್ಲ ಎನ್ನುತ್ತಾಳೆ. ನಾನು ಯಾರ ಮಾತು ಕೇಳಬೇಕು?

ಉತ್ತರ: ನಿಮ್ಮ ಕೊನೆಯ ಪ್ರಶ್ನೆಗಳಿಗಿಂತ ಮೊದಲು ಗರ್ಭ ತೆಗೆಸುವ ಪ್ರಶ್ನೆಗೆ ಉತ್ತರಿಸುತ್ತೇನೆ, ಏಕೆಂದರೆ ಭಯದಲ್ಲಿ ತೆಗೆದುಕೊಂಡ ನಿರ್ಧಾರವನ್ನು ಆಮೇಲೆ ಹಿಂದಕ್ಕೆ ಪಡೆಯಲು ಬರುವುದಿಲ್ಲ. ಗರ್ಭ ನಿಂತಿರುವುದು ತಿಳಿಯುವ ಮೊದಲು ಒಂದೆರಡು ಸಲ ಮದ್ಯ ಸೇವಿಸಿದ್ದು, ಅದೊಂದೇ ಕಾರಣಕ್ಕೆ ಗರ್ಭಪಾತ ಮಾಡಿಸಿಕೊಳ್ಳಬೇಕಾದ ವೈದ್ಯಕೀಯ ಸನ್ನಿವೇಶವಲ್ಲ. ನಿಮ್ಮಂತೆ ತಿಳಿಯದೆ ಕುಡಿದು, ತಿಳಿದ ದಿನವೇ ನಿಲ್ಲಿಸಿದ ತಾಯಂದಿರ ಮಕ್ಕಳಲ್ಲಿ ಬಹುಪಾಲು ಮಕ್ಕಳು ಆರೋಗ್ಯವಾಗಿಯೇ ಹುಟ್ಟುತ್ತಾರೆ. ಹಾಗೆಂದು ‘ಏನೂ ಆಗಿಲ್ಲ, ಮರೆತುಬಿಡಿ’ ಎಂದು ನಾನು ಪ್ರಮಾಣ ಮಾಡಿ ಹೇಳಲಾರೆ. ಅಂಥ ಭರವಸೆಯನ್ನು ಯಾವ ವೈದ್ಯರೂ ಕೊಡಲಾರರು. ನಿಮ್ಮ ಮಗುವಿನ ಪಾಲಿಗೆ ಈಗ ನಿಮ್ಮ ಕೈಯಲ್ಲಿರುವುದು ಮುಂದಿನ ಸುಮಾರು ಮೂವತ್ತೆರಡು ವಾರಗಳು, ಮತ್ತು ಆ ವಾರಗಳು ಎಷ್ಟು ಮುಖ್ಯ ಎಂಬುದನ್ನು ವಿವರಿಸುವುದೇ ಈ ಉತ್ತರದ ಉದ್ದೇಶ.

ಮೊದಲು ಪ್ರಮಾಣದ ಮಾತು. ನಮ್ಮಲ್ಲಿ ‘ಎರಡು ಪೆಗ್’ ಎಂದರೆ ಕಡಿಮೆ ಎಂಬ ಭಾವನೆಯಿದೆ. ಭಾರತದಲ್ಲಿ ಸಿಗುವ ವಿಸ್ಕಿ, ಜಿನ್, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ 42.8ರಷ್ಟು ಆಲ್ಕೋಹಾಲ್ ಇರುತ್ತದೆ. ಹೀಗಾಗಿ 30 ಮಿಲಿಲೀಟರಿನ ಒಂದು ಸ್ಮಾಲ್ ಪೆಗ್‌ನಲ್ಲಿ ಸುಮಾರು 10 ಗ್ರಾಂ ಶುದ್ಧ ಆಲ್ಕೋಹಾಲ್ ಇದ್ದು, ಅದನ್ನೇ ಒಂದು ಯೂನಿಟ್ ಎಂದು ಲೆಕ್ಕ ಹಾಕುತ್ತಾರೆ. ಲಾರ್ಜ್ ಎಂದರೆ ಅದರ ಇಮ್ಮಡಿ, 60 ಮಿಲಿಲೀಟರ್. ಎರಡು ಲಾರ್ಜ್ ಎಂದರೆ ನಾಲ್ಕು ಯೂನಿಟ್, ಅಂದರೆ ಸುಮಾರು 40 ಗ್ರಾಂ. ಬಿಯರ್ ಹಗುರ ಎಂದುಕೊಳ್ಳುವವರೇ ಹೆಚ್ಚು. ಆದರೆ 650 ಮಿಲಿಲೀಟರಿನ ಒಂದು ಬಾಟಲಿ ಸ್ಟ್ರಾಂಗ್ ಬಿಯರ್‌ನಲ್ಲಿ ಶೇ 8ರಷ್ಟು ಆಲ್ಕೋಹಾಲ್ ಇದ್ದರೆ ಅದೂ ಹೆಚ್ಚುಕಡಿಮೆ ಅಷ್ಟೇ, 40 ಗ್ರಾಂ. ಸುಮಾರು 55 ಕಿಲೋ ತೂಕದ ಹೆಣ್ಣುಮಗಳ ದೇಹ ಇಷ್ಟನ್ನು ಪೂರ್ತಿ ಕರಗಿಸಲು ಆರರಿಂದ ಎಂಟು ಗಂಟೆ ತೆಗೆದುಕೊಳ್ಳುತ್ತದೆ. ಮದುವೆಯ ಮರುದಿನ ನೀವು ಎದ್ದಾಗ ತಲೆ ಭಾರವಿದ್ದಿರಬಹುದು, ರಾತ್ರಿಯ ಮಾತು ಮುಗಿಯಿತು ಎಂದೂ ಅನ್ನಿಸಿರಬಹುದು. ಗರ್ಭದೊಳಗಿನ ಲೆಕ್ಕ ಬೇರೆಯೇ ಇದೆ.

ಗರ್ಭಕೋಶದೊಳಗಿನ ಮಾಸು (ಪ್ಲಾಸೆಂಟಾ) ಅನೇಕ ರೋಗಾಣುಗಳನ್ನೂ ಕೆಲವು ಔಷಧಗಳನ್ನೂ ತಕ್ಕಮಟ್ಟಿಗೆ ತಡೆಯುತ್ತದೆ. ಆಲ್ಕೋಹಾಲನ್ನು ಅದು ತಡೆಯಲಾರದು. ಆಲ್ಕೋಹಾಲಿನ ಅಣು ಬಹಳ ಚಿಕ್ಕದು. ನೀರಿನಲ್ಲೂ ಕರಗುತ್ತದೆ, ಕೊಬ್ಬಿನಲ್ಲೂ ಸರಾಗವಾಗಿ ಸೇರುತ್ತದೆ. ಹೀಗಾಗಿ ತಾಯಿಯ ರಕ್ತದಲ್ಲಿ ಏರಿದ ಪ್ರಮಾಣ ಹೆಚ್ಚೆಂದರೆ ಒಂದೆರಡು ಗಂಟೆಯೊಳಗೆ ಮಗುವಿನ ರಕ್ತದಲ್ಲೂ ಏರುತ್ತದೆ. ತಾಯಿಯ ಯಕೃತ್ತಿನಲ್ಲಿ ಅದನ್ನು ಒಡೆಯುವ ಕಿಣ್ವಗಳು ಸಾಕಷ್ಟಿವೆ. ಭ್ರೂಣದ ಯಕೃತ್ತು ಇನ್ನೂ ರೂಪುಗೊಳ್ಳುತ್ತಿರುವುದರಿಂದ ಅಲ್ಲಿ ಆ ಶಕ್ತಿ ಅತ್ಯಲ್ಪ. ಮಗು ತನ್ನ ಪಾಲಿನ ಆಲ್ಕೋಹಾಲನ್ನು ಕಳೆದುಕೊಳ್ಳಲು ಅದು ಮತ್ತೆ ತಾಯಿಯ ರಕ್ತಕ್ಕೆ ಮರಳುವುದನ್ನೇ ಕಾಯಬೇಕಾಗುತ್ತದೆ. ಇದರ ನಡುವೆ ಒಂದಿಷ್ಟು ಆಲ್ಕೋಹಾಲ್ ಮಗುವಿನ ಸುತ್ತಲಿನ ನೀರಿಗೂ ಸೇರುತ್ತದೆ. ಗರ್ಭ ಬಲಿತ ಮೇಲೆ ಮಗು ಆ ನೀರನ್ನು ನುಂಗುತ್ತದೆ, ಮೂತ್ರವಾಗಿ ಬಿಡುತ್ತದೆ, ಮತ್ತೆ ನುಂಗುತ್ತದೆ. ತಾಯಿಗೆ ಅಮಲು ಇಳಿದು ಎಷ್ಟೋ ಹೊತ್ತಾದ ಮೇಲೂ ಮಗು ಅದರಲ್ಲೇ ಇರುವುದು ಈ ಕಾರಣದಿಂದ.

ಹೀಗೆ ತಲುಪಿದ ಆಲ್ಕೋಹಾಲ್ ಒಂದೇ ದಾರಿಯಲ್ಲಿ ಕೆಡುಕು ಮಾಡುವುದಾಗಿದ್ದರೆ ಅದನ್ನು ತಡೆಯುವ ಔಷಧವನ್ನಾದರೂ ಹುಡುಕಬಹುದಿತ್ತು. ಅದು ಹಲವು ಕಡೆಯಿಂದ ಕೆಲಸ ಮಾಡುತ್ತದೆ. ಬೆಳೆಯುತ್ತಿರುವ ಜೀವಕೋಶಗಳಲ್ಲಿ ಆಕ್ಸಿಜನ್ನಿನ ಉಗ್ರ ರೂಪಗಳನ್ನು ಹೆಚ್ಚಿಸಿ ಅವುಗಳನ್ನು ಸಾಯಿಸುತ್ತದೆ. ವಿಟಮಿನ್ ಎ ಯಿಂದ ತಯಾರಾಗಿ ಅಂಗಾಂಗಗಳ ವಿನ್ಯಾಸಕ್ಕೆ ಸೂಚನೆ ಕೊಡುವ ರೆಟಿನೋಯಿಕ್ ಆಮ್ಲದ ತಯಾರಿಕೆಗೆ ಅಡ್ಡಬರುತ್ತದೆ. ಜೀವಕೋಶಗಳು ಒಂದಕ್ಕೊಂದು ಅಂಟಿಕೊಂಡು ಸಾಲಾಗಿ ನಿಲ್ಲಲು ಬೇಕಾದ ಪ್ರೋಟೀನುಗಳ ಹಿಡಿತವನ್ನು ಸಡಿಲಿಸುತ್ತದೆ. ಮಾಸಿನ ಮೂಲಕ ಮಗುವಿಗೆ ಸಿಗಬೇಕಾದ ಆಕ್ಸಿಜನ್ ಮತ್ತು ಪೋಷಕಾಂಶಗಳನ್ನು ಕಡಿಮೆ ಮಾಡುತ್ತದೆ. ಗರ್ಭದ ಯಾವ ಹಂತದಲ್ಲಿ ಯಾವ ಅಂಗ ರೂಪುಗೊಳ್ಳುತ್ತಿದೆಯೋ ಪೆಟ್ಟು ಆ ಅಂಗಕ್ಕೆ ಹೆಚ್ಚು ಬೀಳುತ್ತದೆ.

ನೀವು ಕುಡಿದ ಆ ವಾರಗಳ ವಿಷಯಕ್ಕೆ ಬರುತ್ತೇನೆ. ವೈದ್ಯರು ವಾರಗಳನ್ನು ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸುವುದರಿಂದ, ಐದನೆಯ ವಾರ ಎಂದರೆ ಭ್ರೂಣಕ್ಕೆ ಸುಮಾರು ಮೂರು ವಾರದ ವಯಸ್ಸು. ಮುಖ, ಮೆದುಳು ಮತ್ತು ಹೃದಯದ ಅಡಿಪಾಯ ಬೀಳುವ ಕಾಲ ಅದು. ಅಮೆರಿಕದ ನಾರ್ತ್ ಕ್ಯಾರೊಲಿನಾದಲ್ಲಿ ಕ್ಯಾಥ್ಲೀನ್ ಸುಲಿಕ್ ಮತ್ತು ಸಂಗಡಿಗರು 1981ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬಸುರಿ ಇಲಿಗಳಿಗೆ ಇದಕ್ಕೆ ಸಮನಾದ ದಿನದಲ್ಲಿ ಹೆಚ್ಚಿನ ಪ್ರಮಾಣದ ಆಲ್ಕೋಹಾಲ್ ಕೊಟ್ಟಾಗ, ಮರಿಗಳ ಮುಖದಲ್ಲಿ ಮದ್ಯಪೀಡಿತ ಶಿಶುಗಳ ಮುಖದಲ್ಲಿ ಕಾಣುವಂಥದೇ ಲಕ್ಷಣಗಳು ಕಂಡವು. ಇದನ್ನು ಓದಿ ನೀವು ಗಾಬರಿಯಾಗಬಾರದು. ಆ ಇಲಿಗಳ ರಕ್ತದಲ್ಲಿ ಏರಿಸಿದ ಪ್ರಮಾಣ ನಿಮ್ಮದಕ್ಕಿಂತ ಬಹಳ ಹೆಚ್ಚಿನದು. ಆದರೂ ಇದನ್ನು ಹೇಳುವುದು ಏಕೆಂದರೆ, ಅನೇಕ ಹೆಂಗಸರಿಗೆ ಗರ್ಭ ನಿಂತಿದೆ ಎಂದು ಗೊತ್ತಾಗುವ ಮೊದಲೇ ಬರುವ ಈ ವಾರ ಇಷ್ಟು ಸೂಕ್ಷ್ಮ ಎಂಬುದು ಮಗು ಬೇಕೆಂದು ಯೋಚಿಸುತ್ತಿರುವ ಎಲ್ಲರಿಗೂ ತಿಳಿದಿರಬೇಕು. ಗರ್ಭನಿರೋಧಕ ನಿಲ್ಲಿಸಿದ ತಿಂಗಳಿನಿಂದಲೇ ಮದ್ಯವನ್ನೂ ನಿಲ್ಲಿಸಿ ಎಂದು ನಾವು ಹೇಳುವುದು ಇದಕ್ಕಾಗಿ.

ಮಕ್ಕಳಲ್ಲಿ ಇದು ಹೇಗೆ ಕಾಣುತ್ತದೆ ಎಂಬುದು ವೈದ್ಯಲೋಕಕ್ಕೂ ತಡವಾಗಿ ತಿಳಿಯಿತು. ಫ್ರಾನ್ಸಿನ ನಾಂತ್ ಊರಿನ ಮಕ್ಕಳ ವೈದ್ಯ ಪಾಲ್ ಲೆಮೊಯ್ನ್ ಮತ್ತು ಸಹೋದ್ಯೋಗಿಗಳು ಕುಡಿತಕ್ಕೆ ಬಿದ್ದ ತಂದೆತಾಯಂದಿರ 127 ಮಕ್ಕಳನ್ನು ಗಮನಿಸಿ 1968ರಲ್ಲಿ ಬರೆದರು. ಹೆಚ್ಚಿನವರು ಅದಕ್ಕೆ ಕಿವಿಗೊಡಲಿಲ್ಲ. ಐದು ವರ್ಷದ ನಂತರ, 1973ರಲ್ಲಿ, ಅಮೆರಿಕದ ಸಿಯಾಟಲ್‌ನ ಕೆನೆತ್ ಜೋನ್ಸ್ ಮತ್ತು ಡೇವಿಡ್ ಸ್ಮಿತ್ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಇದೇ ಚಿತ್ರವನ್ನು ಮತ್ತೆ ವಿವರಿಸಿ ‘ಫೀಟಲ್ ಆಲ್ಕೋಹಾಲ್ ಸಿಂಡ್ರೋಮ್’, ಅಂದರೆ ಗರ್ಭದಲ್ಲಿ ಮದ್ಯ ಸೋಕಿದ್ದರಿಂದ ಮಗುವಿನಲ್ಲಿ ಕಾಣುವ ಲಕ್ಷಣಗಳ ಗುಂಪು, ಎಂಬ ಹೆಸರು ಕೊಟ್ಟ ಮೇಲೆಯೇ ಜಗತ್ತು ಎಚ್ಚೆತ್ತಿತು. ಅಂಥ ಮಗುವನ್ನು ಪರೀಕ್ಷಿಸುವಾಗ ನಾವು ಮೊದಲು ಮುಖವನ್ನು ನೋಡುತ್ತೇವೆ. ಸಣ್ಣ ಪಾರದರ್ಶಕ ಅಳತೆಪಟ್ಟಿಯನ್ನು ಕೆನ್ನೆಗೆ ಹಿಡಿದು ಕಣ್ಣಿನ ಒಳಮೂಲೆಯಿಂದ ಹೊರಮೂಲೆಯವರೆಗಿನ ಸೀಳನ್ನು ಮಿಲಿಮೀಟರಿನಲ್ಲಿ ಅಳೆಯುತ್ತೇವೆ. ಅದು ವಯಸ್ಸಿಗೆ ತಕ್ಕುದಕ್ಕಿಂತ ಚಿಕ್ಕದಾಗಿರುತ್ತದೆ. ಮೂಗಿನ ಬುಡದಿಂದ ಮೇಲ್ತುಟಿಗೆ ಇಳಿಯುವ ಎರಡು ಏಣುಗಳ ನಡುವಿನ ತಗ್ಗು ಎಲ್ಲರಲ್ಲೂ ಎದ್ದು ಕಾಣುತ್ತದೆ. ಈ ಮಕ್ಕಳಲ್ಲಿ ಅದು ಸಪಾಟಾಗಿರುತ್ತದೆ. ಮೇಲ್ತುಟಿ ತೆಳು. ತಲೆಯ ಸುತ್ತಳತೆ, ಎತ್ತರ, ತೂಕ ಮೂರೂ ಕಡಿಮೆ. ಕೆಲವರಲ್ಲಿ ಹೃದಯದ ಗೋಡೆಯಲ್ಲಿ ರಂಧ್ರ, ಮೂತ್ರಪಿಂಡದ ದೋಷ, ಕಿವಿ ಮತ್ತು ಕಣ್ಣಿನ ತೊಂದರೆಗಳೂ ಇರುತ್ತವೆ. ಇದಲ್ಲದೆ ಗರ್ಭಸ್ರಾವ, ಸತ್ತ ಮಗು ಹುಟ್ಟುವುದು ಮತ್ತು ದಿನ ತುಂಬುವ ಮೊದಲೇ ಹೆರಿಗೆಯಾಗುವುದರ ಅಪಾಯವೂ ಕುಡಿತದೊಂದಿಗೆ ಏರುತ್ತದೆ.

ಮುಖದಲ್ಲಿ ಈ ಮೂರೂ ಗುರುತುಗಳು ಕಾಣುವ ಮಕ್ಕಳು ಒಟ್ಟು ಬಾಧಿತರಲ್ಲಿ ಸಣ್ಣ ಪಾಲು ಮಾತ್ರ. ಹೆಚ್ಚಿನವರ ಮುಖ ಎಲ್ಲರಂತೆಯೇ ಇರುತ್ತದೆ. ಏಟು ಬಿದ್ದಿರುವುದು ಮೆದುಳಿಗೆ. ಆದ್ದರಿಂದ ಈಗ ಇವೆಲ್ಲವನ್ನೂ ಒಂದು ವ್ಯಾಪ್ತಿಯೊಳಗೆ ತಂದು ‘ಫೀಟಲ್ ಆಲ್ಕೋಹಾಲ್ ಸ್ಪೆಕ್ಟ್ರಮ್ ಡಿಸಾರ್ಡರ್ಸ್’ ಎಂದು ಕರೆಯುತ್ತಾರೆ. ನನಗೆ ಅತ್ಯಂತ ಸಂಕಟ ತರುವುದು ಈ ಎರಡನೆಯ ಗುಂಪಿನ ಮಕ್ಕಳು, ಏಕೆಂದರೆ ಅವರನ್ನು ಗುರುತಿಸುವವರೇ ಇಲ್ಲ. ಇವರಲ್ಲಿ ಅನೇಕರ ಬುದ್ಧಿಮಟ್ಟ, ಅಂದರೆ ಐಕ್ಯೂ, ಸಾಮಾನ್ಯ ಮಟ್ಟದಲ್ಲೇ ಇರುತ್ತದೆ. ಮಗು ಚೆನ್ನಾಗಿ ಮಾತಾಡುತ್ತದೆ, ಎಲ್ಲರೊಡನೆ ಬೇಗ ಬೆರೆಯುತ್ತದೆ. ಆದರೆ ಸೋಮವಾರ ತಪ್ಪಿಲ್ಲದೆ ಒಪ್ಪಿಸಿದ ಏಳರ ಮಗ್ಗಿ ಮಂಗಳವಾರ ನೆನಪಿರುವುದಿಲ್ಲ. ‘ಒಳಗೆ ಹೋಗಿ ಚೀಲ ಇಟ್ಟು, ಕೈ ತೊಳೆದು, ತಟ್ಟೆ ತಾ’ ಎಂದರೆ ಚೀಲ ಇಟ್ಟು ಅಲ್ಲೇ ನಿಲ್ಲುತ್ತದೆ. ಅಂಗಡಿಗೆ ಐವತ್ತು ರೂಪಾಯಿ ಕೊಟ್ಟು ಕಳಿಸಿದರೆ ಚಿಲ್ಲರೆ ಎಷ್ಟು ಬರಬೇಕೆಂದು ಹತ್ತನೆಯ ವಯಸ್ಸಿನಲ್ಲೂ ತಿಳಿಯುವುದಿಲ್ಲ. ಹಿಂದಿನ ವಾರ ಯಾವ ತಪ್ಪಿಗೆ ಶಿಕ್ಷೆಯಾಯಿತೋ ಅದೇ ತಪ್ಪನ್ನು ಮತ್ತೆ ಮಾಡುತ್ತದೆ, ಏಕೆಂದರೆ ಮಾಡಿದ್ದಕ್ಕೂ ಅದರ ಫಲಕ್ಕೂ ಇರುವ ಸಂಬಂಧವನ್ನು ಅದರ ಮೆದುಳು ಹಿಡಿದಿಟ್ಟುಕೊಳ್ಳಲಾರದು. ಮನೆಯಲ್ಲಿ ಇದಕ್ಕೆ ಹಟ ಎನ್ನುತ್ತಾರೆ, ಶಾಲೆಯಲ್ಲಿ ಸೋಮಾರಿತನ ಎನ್ನುತ್ತಾರೆ, ಎರಡೂ ಕಡೆ ಏಟು ಬೀಳುತ್ತದೆ. ಈ ಮಕ್ಕಳನ್ನು ದೊಡ್ಡವರಾಗುವವರೆಗೂ ಹಿಂಬಾಲಿಸಿದ ಸಿಯಾಟಲ್‌ನ ಮನಶ್ಶಾಸ್ತ್ರಜ್ಞೆ ಆನ್ ಸ್ಟ್ರೈಸ್‌ಗುತ್ ಮತ್ತು ಸಂಗಡಿಗರು ಕಂಡಂತೆ, ಶಾಲೆ ಬಿಡುವುದು, ಕೆಲಸ ಉಳಿಸಿಕೊಳ್ಳಲಾಗದಿರುವುದು, ಕಾನೂನಿನ ತೊಡಕಿಗೆ ಸಿಕ್ಕಿಕೊಳ್ಳುವುದು, ತಾವೇ ಚಟಕ್ಕೆ ಬೀಳುವುದು ಇವೆಲ್ಲ ಇವರ ಬದುಕಿನಲ್ಲಿ ಹೆಚ್ಚು. ಅದೇ ಅಧ್ಯಯನದ ಇನ್ನೊಂದು ಮುಖವನ್ನೂ ಹೇಳಬೇಕು: ಆರು ವರ್ಷದೊಳಗೆ ತೊಂದರೆ ಗುರುತಿಸಲ್ಪಟ್ಟು, ಹೊಡೆತಬಡಿತವಿಲ್ಲದ ನೆಮ್ಮದಿಯ ಮನೆಯಲ್ಲಿ ಬೆಳೆದ ಮಕ್ಕಳು ಈ ಕಷ್ಟಗಳಿಂದ ಎಷ್ಟೋ ಮಟ್ಟಿಗೆ ಪಾರಾದರು.

ನಿಮ್ಮ ಅತ್ತೆಯವರ ಮಾತನ್ನು ತಳ್ಳಿಹಾಕುವ ಮೊದಲು ಅದರಲ್ಲಿರುವ ಸತ್ಯವನ್ನು ಒಪ್ಪಬೇಕು. ಕ್ರಿಸ್‌ಮಸ್ಸಿಗೆ ಭರಣಿಯಲ್ಲಿ ದ್ರಾಕ್ಷಿ ವೈನ್ ಹಾಕುವ ಮಂಗಳೂರಿನ ಮನೆಗಳಲ್ಲಾಗಲಿ, ಮದುವೆ ಹಬ್ಬಗಳಲ್ಲಿ ಮದ್ಯ ಸಹಜವಾಗಿರುವ ಕೊಡಗಿನ ಮನೆಗಳಲ್ಲಾಗಲಿ, ಬಸುರಿಯರು ಒಂದಿಷ್ಟು ಕುಡಿದಿದ್ದರೂ ಗಟ್ಟಿಮುಟ್ಟಾದ ಮಕ್ಕಳು ಹುಟ್ಟಿರುವುದು ನಿಜ. ಮದ್ಯ ಸೋಕಿದ ಎಲ್ಲ ಮಕ್ಕಳಿಗೂ ಹಾನಿಯಾಗುವುದಿಲ್ಲ. 2017ರಲ್ಲಿ ಪ್ರಕಟವಾದ ಜಾಗತಿಕ ವಿಶ್ಲೇಷಣೆಗಳ ಅಂದಾಜಿನಂತೆ, ಗರ್ಭಾವಸ್ಥೆಯಲ್ಲಿ ಮದ್ಯ ಸೇವಿಸಿದ ಸುಮಾರು 13 ಮಹಿಳೆಯರಲ್ಲಿ ಒಬ್ಬರ ಮಗುವಿಗೆ ಈ ವ್ಯಾಪ್ತಿಯ ಯಾವುದಾದರೊಂದು ತೊಂದರೆ ಉಂಟಾಗುತ್ತದೆ; ಪೂರ್ಣ ಸಿಂಡ್ರೋಮ್ ಸುಮಾರು 67ರಲ್ಲಿ ಒಬ್ಬರ ಮಗುವಿನಲ್ಲಿ ಕಾಣುತ್ತದೆ. ಇದು ದಿನವೂ ಕುಡಿದವರನ್ನೂ ಅಪರೂಪಕ್ಕೆ ಕುಡಿದವರನ್ನೂ ಸೇರಿಸಿದ ಸರಾಸರಿ ಎಂಬುದನ್ನು ಮರೆಯಬಾರದು. ಹೆಚ್ಚು ಕುಡಿದವರಲ್ಲಿ ಅಪಾಯ ಇದಕ್ಕಿಂತ ಹೆಚ್ಚು, ಕಡಿಮೆ ಕುಡಿದವರಲ್ಲಿ ಕಡಿಮೆ.

ಹಾಗಾದರೆ ಹದಿಮೂರರಲ್ಲಿ ಆ ಒಬ್ಬರು ಯಾರು ಎಂದು ಮೊದಲೇ ಹೇಳಬಹುದೇ? ಇಲ್ಲಿಯೇ ‘ನಮಗೇನೂ ಆಗಲಿಲ್ಲ’ ಎಂಬ ವಾದ ಮುರಿದುಬೀಳುತ್ತದೆ. ವಿಪರೀತ ಕುಡಿದ ತಾಯಂದಿರಿಗೆ ಹುಟ್ಟಿದ ಅವಳಿ ಮಕ್ಕಳನ್ನು ಸಂಶೋಧಕರು ಹೋಲಿಸಿ ನೋಡಿದ್ದಾರೆ. ಒಂದೇ ಅಂಡದಿಂದ ಹುಟ್ಟಿದ ತದ್ರೂಪಿ ಅವಳಿಗಳಲ್ಲಿ ಇಬ್ಬರ ಸ್ಥಿತಿಯೂ ಒಂದೇ ರೀತಿ ಇರುತ್ತಿತ್ತು. ಎರಡು ಅಂಡಗಳಿಂದ ಹುಟ್ಟಿದ ಅವಳಿಗಳಲ್ಲಿ ಹಲವು ಸಲ ಒಂದು ಮಗುವಿಗೆ ಪೂರ್ಣ ಸಿಂಡ್ರೋಮ್ ಇದ್ದರೆ ಇನ್ನೊಂದಕ್ಕೆ ಅಷ್ಟಿರಲಿಲ್ಲ. ಒಂದೇ ತಾಯಿ, ಒಂದೇ ಬಸಿರು, ಅದೇ ದಿನ ಅದೇ ಪ್ರಮಾಣದ ಮದ್ಯ. ಆದರೂ ಎರಡು ಮಕ್ಕಳ ಪಾಡು ಬೇರೆ. ಮಗುವಿನ ವಂಶವಾಹಿಗಳು, ತಾಯಿಯ ವಯಸ್ಸು, ಆಕೆಯ ಪೋಷಣೆ, ಆಕೆಯ ಯಕೃತ್ತು ಆಲ್ಕೋಹಾಲನ್ನು ಒಡೆಯುವ ವೇಗ, ಜೊತೆಗೆ ತಂಬಾಕು ಇದೆಯೇ ಎಂಬುದು, ಹೀಗೆ ಹಲವು ಸಂಗತಿಗಳು ಸೇರಿ ಇದನ್ನು ನಿರ್ಧರಿಸುತ್ತವೆ. ಅತ್ತೆಯವರ ಮೊದಲ ಮಗುವಿಗೆ ಏನೂ ಆಗದಿದ್ದುದು ಅವರ ಎರಡನೆಯ ಮಗುವಿಗೇ ಖಾತರಿಯಲ್ಲ ಎಂದ ಮೇಲೆ, ನಿಮ್ಮ ಮಗುವಿಗೆ ಅದು ಹೇಗೆ ಖಾತರಿಯಾದೀತು? ಇನ್ನೊಂದು ಮಾತು: ಮೇಲೆ ಹೇಳಿದ ಮಗ್ಗಿ ಮರೆಯುವ ಮಗುವನ್ನು ಆ ಕಾಲದಲ್ಲಿ ಯಾರೂ ಬಸಿರಿನ ದಿನಗಳ ವೈನಿಗೆ ತಳಕು ಹಾಕುತ್ತಿರಲಿಲ್ಲ. ‘ಓದು ತಲೆಗೆ ಹತ್ತಲಿಲ್ಲ’ ಎಂದು ಶಾಲೆ ಬಿಡಿಸಿ ತೋಟದ ಕೆಲಸಕ್ಕೆ ಹಚ್ಚುತ್ತಿದ್ದರು, ಅಷ್ಟೇ. ಇದನ್ನು ಅತ್ತೆಯವರಿಗೆ ಸಮಾಧಾನದಿಂದ ಹೇಳಿ. ಅವರು ನಿಮಗೆ ಕೇಡು ಬಯಸಿ ಆಡಿದ ಮಾತಲ್ಲ ಅದು.

ಲಂಡನ್ನಿನ ಗೆಳತಿಯ ಮಾತಿಗೂ ಒಂದು ಹಿನ್ನೆಲೆಯಿದೆ. ಬ್ರಿಟನ್ನಿನಲ್ಲಿ 2008ರ ಮಾರ್ಗಸೂಚಿ, ಮೊದಲ ಮೂರು ತಿಂಗಳು ಮದ್ಯ ಬೇಡ, ಆನಂತರವೂ ಕುಡಿಯಲೇಬೇಕು ಎನ್ನುವವರು ವಾರಕ್ಕೆ ಒಂದೆರಡು ಸಲ ಒಂದೆರಡು ಯೂನಿಟ್ ಮೀರಬಾರದು ಎಂದು ಹೇಳುತ್ತಿತ್ತು. 2016ರಲ್ಲಿ ಅಲ್ಲಿನ ಮುಖ್ಯ ವೈದ್ಯಾಧಿಕಾರಿಗಳು ಆ ಸಲಹೆಯನ್ನು ಬದಲಾಯಿಸಿ, ಗರ್ಭಿಣಿಯರು ಮದ್ಯವನ್ನೇ ಮುಟ್ಟದಿರುವುದು ಅತ್ಯಂತ ಸುರಕ್ಷಿತ ಎಂದರು. ನಿಮ್ಮ ಗೆಳತಿಗೆ ತಲುಪಿರುವುದು ಹಳೆಯ ಸಲಹೆ. ವಾರಕ್ಕೆ ಒಂದೆರಡು ಯೂನಿಟ್‌ನಷ್ಟು ಕಡಿಮೆ ಸೇವನೆಯಿಂದ ಹಾನಿಯಾಗಿದೆ ಎಂದು ಎಲ್ಲ ಅಧ್ಯಯನಗಳೂ ತೋರಿಸಿಲ್ಲ ಎಂಬುದನ್ನು ನಾನು ಪ್ರಾಮಾಣಿಕವಾಗಿ ಒಪ್ಪುತ್ತೇನೆ. ಆದರೆ ಎಂಟನೆಯ ವಯಸ್ಸಿನಲ್ಲಿ ಮಗುವಿನ ಗಮನಶಕ್ತಿ ಒಂದಿಷ್ಟು ಕುಗ್ಗಿದ್ದರೆ ಅದಕ್ಕೆ ಯಾವ ಗ್ಲಾಸು ಕಾರಣ ಎಂದು ಹೇಳುವ ಅಧ್ಯಯನವನ್ನು ರೂಪಿಸುವುದು ಬಹಳ ಕಷ್ಟ, ಮತ್ತು ಗರ್ಭಿಣಿಯರಿಗೆ ಮದ್ಯ ಕೊಟ್ಟು ಪರೀಕ್ಷಿಸುವುದನ್ನು ಯಾರೂ ಊಹಿಸಲೂ ಆಗದು. ಇಂತಿಷ್ಟರವರೆಗೆ ಅಪಾಯವಿಲ್ಲ ಎಂಬ ಗೆರೆಯನ್ನು ಎಳೆಯಲಾಗದೆ ಇರುವಾಗ, ಮಗುವಿನ ಮೆದುಳನ್ನು ಪಣಕ್ಕಿಟ್ಟು ಆ ಗೆರೆಯನ್ನು ನಾವೇ ಊಹಿಸಿಕೊಳ್ಳುವುದಕ್ಕೆ ನನ್ನ ಒಪ್ಪಿಗೆಯಿಲ್ಲ.

ಮೂರು ತಿಂಗಳು ಕಳೆದರೆ ಕಂಟಕ ಕಳೆಯಿತು ಎಂಬ ನಂಬಿಕೆ ಹುಟ್ಟಿದ್ದು, ಅಷ್ಟರೊಳಗೆ ಕೈಕಾಲು, ಹೃದಯ, ಮುಖ ರೂಪುಗೊಂಡಿರುತ್ತವೆ ಎಂಬ ಕಾರಣಕ್ಕೆ. ಮೆದುಳಿನ ವಿಷಯ ಹಾಗಲ್ಲ. ನಾಲ್ಕನೆಯ, ಐದನೆಯ ತಿಂಗಳಲ್ಲಿ ನರಕೋಶಗಳು ಮೆದುಳಿನ ಒಳಭಾಗದಲ್ಲಿ ಹುಟ್ಟಿ ಹೊರಪದರದಲ್ಲಿ ತಮಗೆ ನಿಗದಿಯಾದ ಜಾಗಕ್ಕೆ ಸರಿದು ಹೋಗುತ್ತಿರುತ್ತವೆ. ಎಡ ಬಲ ಅರ್ಧಗಳನ್ನು ಬೆಸೆಯುವ ಕಾರ್ಪಸ್ ಕಲೋಸಮ್ ಎಂಬ ನರತಂತುಗಳ ಕಟ್ಟು ಬೆಳೆಯುತ್ತಿರುತ್ತದೆ. ಕೊನೆಯ ಮೂರು ತಿಂಗಳಲ್ಲಿ ಮೆದುಳು ಅತಿ ವೇಗವಾಗಿ ಗಾತ್ರದಲ್ಲಿ ಹಿಗ್ಗಿ, ನರಕೋಶಗಳ ನಡುವೆ ಅಪಾರ ಸಂಖ್ಯೆಯ ಸಂಪರ್ಕಗಳು ಏರ್ಪಡುತ್ತವೆ. ಈ ಹಂತದಲ್ಲಿ ನರಕೋಶವೊಂದು ಬದುಕಬೇಕೇ ಸಾಯಬೇಕೇ ಎಂಬುದು ಅದಕ್ಕೆ ಅಕ್ಕಪಕ್ಕದ ಕೋಶಗಳಿಂದ ಬರುವ ಸಂಕೇತಗಳನ್ನು ಅವಲಂಬಿಸಿದೆ. ಆಲ್ಕೋಹಾಲ್ ಒಂದು ಬಗೆಯ ಸಂಕೇತವನ್ನು ಅಡಗಿಸಿ ಇನ್ನೊಂದನ್ನು ಅತಿಯಾಗಿ ಹೆಚ್ಚಿಸುವುದರಿಂದ, ಆರೋಗ್ಯವಂತ ನರಕೋಶಗಳು ತಮಗೆ ಇಲ್ಲಿ ಕೆಲಸವಿಲ್ಲವೆಂಬಂತೆ ತಾವಾಗಿಯೇ ನಾಶವಾಗುತ್ತವೆ. ಮನುಷ್ಯರ ಈ ಹಂತಕ್ಕೆ ಸಮನಾದ ವಯಸ್ಸಿನ ಇಲಿಮರಿಗಳಲ್ಲಿ ಕೆಲವೇ ಗಂಟೆಗಳ ಅಮಲು ಲಕ್ಷಾಂತರ ನರಕೋಶಗಳನ್ನು ಹೀಗೆ ಕೊಂದಿದ್ದನ್ನು 2000ದಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಆದ್ದರಿಂದ ನಾಲ್ಕನೆಯ ತಿಂಗಳ ವೈನೂ ಬೇಡ, ಒಂಬತ್ತನೆಯ ತಿಂಗಳಿನ ಸೀಮಂತದ ವೈನೂ ಬೇಡ. ಇದೇ ಸಂಗತಿಯಲ್ಲಿ ನಿಮಗೆ ಸಮಾಧಾನವೂ ಇದೆ: ಮೆದುಳಿನ ಬಹುಪಾಲು ಕಟ್ಟಡ ಇನ್ನು ಮುಂದೆ ಏಳಬೇಕಾಗಿದೆ, ಮತ್ತು ಅದು ಪೂರ್ತಿ ಮದ್ಯವಿಲ್ಲದ ಗರ್ಭದಲ್ಲಿ ಏಳುತ್ತದೆ.

ಸ್ಕ್ಯಾನಿಂಗ್ ಬಗ್ಗೆ ಕೇಳಿದ್ದೀರಿ. ಹದಿನೆಂಟರಿಂದ ಇಪ್ಪತ್ತು ವಾರಗಳ ನಡುವೆ ಮಾಡುವ ಅನಾಮಲಿ ಸ್ಕ್ಯಾನಿನಲ್ಲಿ ಹೃದಯದ ರಚನೆ, ಸೀಳುತುಟಿ, ಮೂತ್ರಪಿಂಡ, ಮೆದುಳಿನ ದೊಡ್ಡ ರಚನೆಗಳು, ಮಗುವಿನ ಬೆಳವಣಿಗೆ ಇವನ್ನು ನೋಡಬಹುದು. ಅದನ್ನು ತಪ್ಪಿಸಬೇಡಿ. ಆದರೆ ನೆನಪಿನ ಶಕ್ತಿ, ಗಮನ, ವಿವೇಚನೆ ಇವಕ್ಕೆ ಸಂಬಂಧಿಸಿದ ಸೂಕ್ಷ್ಮ ಹಾನಿ ಯಾವ ಸ್ಕ್ಯಾನಿನಲ್ಲೂ ಕಾಣುವುದಿಲ್ಲ, ಯಾವ ರಕ್ತಪರೀಕ್ಷೆಯೂ ಅದನ್ನು ಹೇಳುವುದಿಲ್ಲ. ಸ್ಕ್ಯಾನ್ ಸರಿಯಿದೆ ಎಂದರೆ ದೊಡ್ಡ ದೋಷಗಳಿಲ್ಲ ಎಂದು ಅರ್ಥ. ಅಷ್ಟಕ್ಕೆ ಸಮಾಧಾನಪಟ್ಟುಕೊಂಡು, ಉಳಿದದ್ದನ್ನು ಮಗು ಬೆಳೆಯುವಾಗ ಗಮನಿಸಬೇಕು. ‘ನೂರಕ್ಕೆ ನೂರು ಸರಿಯಿದೆ’ ಎಂದು ಹೇಳಿಸಿಕೊಳ್ಳಲು ಪದೇ ಪದೇ ಸ್ಕ್ಯಾನ್ ಮಾಡಿಸುತ್ತಾ ಹೋಗುವುದರಿಂದ ಹಣವೂ ನೆಮ್ಮದಿಯೂ ಖರ್ಚಾಗುತ್ತದೆ, ಹೊಸದೇನೂ ತಿಳಿಯುವುದಿಲ್ಲ.

ಮುಂದಿನ ತಪಾಸಣೆಯಲ್ಲಿ ನೀವು ನನಗೆ ಬರೆದಷ್ಟನ್ನೇ ನಿಮ್ಮ ವೈದ್ಯರಿಗೂ ಹೇಳಿ: ಯಾವ ವಾರ, ಏನು, ಎಷ್ಟು. ಹೇಳಲು ಸಂಕೋಚವಾಗುತ್ತದೆ ಎಂದು ನನಗೆ ಗೊತ್ತು. ಕುಡಿಯುವ ಗಂಡಸಿಗೆ ಇಲ್ಲದ ಕಳಂಕವನ್ನು ಒಂದು ಸಲ ಕುಡಿದ ಹೆಂಗಸಿನ ಮೇಲೆ ಹೊರಿಸುವ ಸಮಾಜ ನಮ್ಮದು. ತಪಾಸಣೆಯ ಕೋಣೆಯಲ್ಲಿ ಅತ್ತೆ, ನಾದಿನಿ ಪಕ್ಕದಲ್ಲಿ ನಿಂತಿರುವಾಗ ‘ಕುಡಿಯುವ ಅಭ್ಯಾಸ ಇದೆಯೇ’ ಎಂದು ಕೇಳಿದರೆ ಯಾವ ಬಸುರಿ ತಾನೇ ಹೌದು ಎಂದಾಳು? ಈ ಪ್ರಶ್ನೆಯನ್ನು ಒಬ್ಬರೇ ಇರುವಾಗ, ಬಿಪಿ ಶುಗರ್ ಕೇಳಿದಷ್ಟೇ ಸಹಜವಾಗಿ, ಪ್ರತಿಯೊಬ್ಬ ಗರ್ಭಿಣಿಗೂ ಕೇಳಬೇಕಾದದ್ದು ನಮ್ಮ ವೃತ್ತಿಯವರ ಹೊಣೆ. ನಿಮ್ಮ ವೈದ್ಯರು ಗದರಿದರೆ ಅಥವಾ ‘ಸ್ವಲ್ಪ ಪರವಾಗಿಲ್ಲ’ ಎಂದು ತೇಲಿಸಿದರೆ, ಬೇರೆ ವೈದ್ಯರನ್ನು ಕಾಣಲು ಹಿಂಜರಿಯಬೇಡಿ. ಫೋಲಿಕ್ ಆಮ್ಲ ಮತ್ತು ಕಬ್ಬಿಣದ ಮಾತ್ರೆಗಳನ್ನು ಹೇಳಿದಂತೆ ತೆಗೆದುಕೊಳ್ಳಿ, ಹೊತ್ತಿಗೆ ಸರಿಯಾಗಿ ಊಟ ಮಾಡಿ. ಒಳ್ಳೆಯ ಪೋಷಣೆ ಆದ ಹಾನಿಯನ್ನು ಅಳಿಸದಿದ್ದರೂ ಮಗುವಿನ ಬೆಳವಣಿಗೆಗೆ ಆಸರೆಯಾಗುತ್ತದೆ. ನಿಮ್ಮ ಪತಿಯೂ ಈ ತಿಂಗಳುಗಳಲ್ಲಿ ಮನೆಗೆ ಬಾಟಲಿ ತರದಿರಲಿ. ಅವರು ಕುಡಿದದ್ದು ಮಾಸನ್ನು ದಾಟಿ ಮಗುವಿಗೆ ಹೋಗುವುದಿಲ್ಲ; ಆದರೆ ಗಂಡ ಎದುರಿಗೆ ಕೂತು ಕುಡಿಯುವ ಮನೆಯಲ್ಲಿ ಹೆಂಡತಿಗೆ ಮದ್ಯ ಬಿಟ್ಟಿರುವುದು ಕಷ್ಟ ಎಂಬುದನ್ನು ನಾವು ಮತ್ತೆ ಮತ್ತೆ ಕಾಣುತ್ತೇವೆ.

ನಿಮ್ಮದು ಅಭ್ಯಾಸಬಲದ ಕುಡಿತವಲ್ಲ ಎಂದು ಪತ್ರದಿಂದ ತೋರುತ್ತದೆ. ಆದರೆ ಇದನ್ನು ಓದುವವರಲ್ಲಿ ದಿನವೂ ಕುಡಿಯುವ, ಬೆಳಿಗ್ಗೆ ಕೈ ನಡುಗಿದರೆ ಮತ್ತೆ ಕುಡಿದೇ ನಿಲ್ಲಿಸಿಕೊಳ್ಳುವ ಗರ್ಭಿಣಿಯರಿದ್ದರೆ, ಅವರು ಇಂದೇ ಒಮ್ಮೆಲೇ ನಿಲ್ಲಿಸಬಾರದು. ಇಂದೇ ಆಸ್ಪತ್ರೆಗೆ ಹೋಗಬೇಕು. ಅವಲಂಬನೆ ಬಲಿತವರು ಏಕಾಏಕಿ ಬಿಟ್ಟರೆ ಫಿಟ್ಸ್ ಮತ್ತು ಸನ್ನಿ ಬಂದು ತಾಯಿ ಮಗು ಇಬ್ಬರಿಗೂ ಅಪಾಯವಾಗಬಹುದು. ದಾಖಲಾಗಿ, ಥಯಾಮಿನ್ (ವಿಟಮಿನ್ ಬಿ1) ಮತ್ತು ಇತರ ಔಷಧಗಳೊಡನೆ, ವೈದ್ಯರ ಕಣ್ಣೆದುರಿನಲ್ಲಿ ಬಿಡಿಸಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಯ ಕೇಂದ್ರವೂ ಇದೆ, ಗರ್ಭಿಣಿಯರ ಮತ್ತು ಬಾಣಂತಿಯರ ಮನೋರೋಗ ಚಿಕಿತ್ಸೆಯ ವ್ಯವಸ್ಥೆಯೂ ಇದೆ. ದೂರದವರು ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಅಥವಾ ಟೆಲಿ ಮನಸ್ 14416ಕ್ಕೆ ಕರೆ ಮಾಡಿ ಕೇಳಬಹುದು.

ಇದು ಒಬ್ಬೊಬ್ಬ ಹೆಂಗಸಿನ ಸ್ವಭಾವದ ಪ್ರಶ್ನೆಯೆಂದು ತೀರ್ಪು ಕೊಡುವವರಿಗೆ ದಕ್ಷಿಣ ಆಫ್ರಿಕದ ವೆಸ್ಟರ್ನ್ ಕೇಪ್ ಪ್ರಾಂತದ ಚರಿತ್ರೆಯನ್ನು ನೆನಪಿಸಬೇಕೆನಿಸುತ್ತದೆ. ಅಲ್ಲಿನ ದ್ರಾಕ್ಷಿ ತೋಟಗಳಲ್ಲಿ ಕೂಲಿಯ ಒಂದು ಭಾಗವನ್ನು ವೈನಿನ ರೂಪದಲ್ಲೇ ಕೊಡುವ ‘ಡಾಪ್’ ಪದ್ಧತಿ ತಲೆಮಾರುಗಳವರೆಗೆ ನಡೆಯಿತು. ಕಾನೂನು ಅದನ್ನು ನಿಷೇಧಿಸಿದ ಮೇಲೂ ಕುಡಿತ ಉಳಿಯಿತು. ಇಂದು ಜಗತ್ತಿನಲ್ಲಿ ಈ ಸಿಂಡ್ರೋಮಿನ ಅತಿ ಹೆಚ್ಚಿನ ಪ್ರಮಾಣ ವರದಿಯಾಗಿರುವ ಜಾಗಗಳಲ್ಲಿ ಅದೂ ಒಂದು. ಅಮೆರಿಕದಲ್ಲಿ 1989ರಿಂದ ಪ್ರತಿ ಮದ್ಯದ ಬಾಟಲಿಯ ಮೇಲೂ ಗರ್ಭಿಣಿಯರಿಗೆ ಎಚ್ಚರಿಕೆ ಅಚ್ಚಾಗುತ್ತಿದೆ; ಫ್ರಾನ್ಸಿನ ಬಾಟಲಿಗಳ ಮೇಲೆ ಗರ್ಭಿಣಿಯ ಚಿತ್ರಸಂಕೇತವಿದೆ. ಮದ್ಯ ಆರೋಗ್ಯಕ್ಕೆ ಹಾನಿಕರ, ಕುಡಿದು ವಾಹನ ಓಡಿಸಬೇಡಿ ಎಂದು ಹೇಳುವ ನಮ್ಮ ಬಾಟಲಿಗಳ ಕಡ್ಡಾಯ ಎಚ್ಚರಿಕೆಯಲ್ಲಿ ಗರ್ಭದ ಮಗುವಿನ ಹೆಸರಿಲ್ಲ. ಇರಬೇಕು, ಮತ್ತು ಕನ್ನಡದಲ್ಲಿ ಇರಬೇಕು ಎಂದು ನಾನು ಬಲವಾಗಿ ನಂಬಿದ್ದೇನೆ.

ನೀವು ಕೇಳದಿದ್ದರೂ, ಇನ್ನೇಳೆಂಟು ತಿಂಗಳಲ್ಲಿ ನಿಮ್ಮ ಮನೆಯಲ್ಲಿ ಏಳಬಹುದಾದ ಪ್ರಶ್ನೆಗಳನ್ನೂ ಇಲ್ಲಿಯೇ ಮುಗಿಸುತ್ತೇನೆ. ನಮ್ಮಲ್ಲಿ ಬಾಣಂತಿಗೆ ಶೀತವಾಗದಿರಲಿ ಎಂದು ಬ್ರಾಂಡಿ ಕೊಡುವ ಮನೆಗಳಿವೆ. ತಾಯಿಯ ರಕ್ತದಲ್ಲಿರುವಷ್ಟೇ ಆಲ್ಕೋಹಾಲ್ ಎದೆಹಾಲಿಗೂ ಇಳಿಯುತ್ತದೆ. ಹಾಲು ಹೆಚ್ಚುತ್ತದೆ ಎಂಬುದು ಸುಳ್ಳು, ಹಾಲು ಇಳಿಯುವುದು ಅದರಿಂದ ಕಡಿಮೆಯಾಗುತ್ತದೆ. ಹಾಲೂಡಿಸುವ ತಾಯಿಗೆ ಬ್ರಾಂಡಿ ಬೇಡವೆಂದು ಈಗಲೇ ಹೇಳಿಡಿ. ಆಯುರ್ವೇದದ ಅರಿಷ್ಟ, ಆಸವಗಳು ಹುದುಗಿಸಿ ತಯಾರಾಗುವುದರಿಂದ ಅವುಗಳಲ್ಲಿಯೂ ಸ್ವಯಂಜನ್ಯ ಆಲ್ಕೋಹಾಲ್ ಶೇ 5ರಿಂದ 12ರವರೆಗೆ ಇರಬಹುದು. ಬಸಿರಿನಲ್ಲಾಗಲಿ ಬಾಣಂತನದಲ್ಲಾಗಲಿ ಅಂಗಡಿಯಿಂದ ತಂದು ನೀವಾಗಿಯೇ ಕುಡಿಯದೆ, ಗರ್ಭಿಣಿ ಅಥವಾ ಬಾಣಂತಿ ಎಂದು ತಿಳಿಸಿ ವೈದ್ಯರನ್ನು ಕೇಳಿ. ಕೆಮ್ಮಿನ ಸಿರಪ್ ಕೊಳ್ಳುವಾಗಲೂ ಲೇಬಲ್ಲಿನಲ್ಲಿ ಆಲ್ಕೋಹಾಲ್ ಇದೆಯೇ ಎಂದು ನೋಡಿ.

ಮಗು ಹುಟ್ಟಿದ ಮೇಲೆ ಮಕ್ಕಳ ವೈದ್ಯರಿಗೂ ಈ ಎರಡು ಸಂದರ್ಭಗಳ ವಿಷಯ ತಿಳಿಸಿ, ತೂಕ ಮತ್ತು ತಲೆಯ ಸುತ್ತಳತೆಯನ್ನು ಕಾರ್ಡಿನಲ್ಲಿ ಪ್ರತಿ ಭೇಟಿಯಲ್ಲೂ ಬರೆಸಿ. ಕೂರುವುದು, ನಡೆಯುವುದು, ಮಾತು ಬರುವುದು ತಡವಾದರೆ ‘ಅವರಪ್ಪನಿಗೂ ತಡವಾಗಿತ್ತು’ ಎಂಬ ಮಾತಿಗೆ ಕಾಯದೆ ತೋರಿಸಿ. ಜಿಲ್ಲಾ ಮಟ್ಟದ ಸರ್ಕಾರಿ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಲ್ಲಿ ಮಕ್ಕಳ ಬೆಳವಣಿಗೆಯ ತಪಾಸಣೆ ಮತ್ತು ತರಬೇತಿ ಉಚಿತವಾಗಿ ಸಿಗುತ್ತದೆ. ಬಹುಶಃ ನಿಮಗೆ ಇದಾವುದರ ಅಗತ್ಯವೂ ಬೀಳಲಾರದು. ಹಾಗಿದ್ದರೂ ಶಾಲೆಗೆ ಸೇರುವ ವಯಸ್ಸಿನವರೆಗೆ ವರ್ಷಕ್ಕೊಮ್ಮೆ ಬೆಳವಣಿಗೆಯ ತಪಾಸಣೆ ಮಾಡಿಸಿ. ಮೊದಲ ತಪಾಸಣೆಗೆ ಹೋಗುವಾಗ ಈಗಿನ ತಾಯಿ ಕಾರ್ಡನ್ನೂ ಅನಾಮಲಿ ಸ್ಕ್ಯಾನಿನ ವರದಿಯನ್ನೂ ಜೊತೆಗೆ ಒಯ್ಯಿರಿ.